ಚಳಿಗೆ ಕಟ್ಟಿದ ಹೊಂಗೆ ಡೀಸೆಲ್

ನನಗೆ ಜಂಬ ಜಾಸ್ತಿ ಎಂದು ನಮ್ಮ ಮನೆಯವರು ಹೇಳುತ್ತಿರುತ್ತಾರೆ. ಇರಲಿ, ಜಂಬ ಪಡುವಂಥದ್ದು ಮಾಡಿದ್ದೇನೆ, ಪಡುತ್ತೇನೆ. ಶಿಡ್ಲಘಟ್ಟದಿಂದ ಚಿಂತಾಮಣಿಗೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗಿದೆ ನಮ್ಮೂರು. ಅಲ್ಲಿ ಹೊಂಗೆ ಎಣ್ಣೆಯಿಂದ ಮಾಡಿದ ಡೀಸೆಲ್ ಹಾಕಿ ಟಿಲ್ಲರ್ ಓಡಿಸಿದವರಲ್ಲಿ ನಾನೇ ಮೊದಲು. ನಮ್ಮ ಬದುವಿನ ಹೊಂಗೆ ಮರಗಳ ಬೀಜ ಅದುವರೆಗೆ ಬಿದ್ದಲ್ಲೇ ಕೊಳೆಯುತ್ತಿತ್ತು. ನನ್ನ ತವರು ವಿದುರಾಶ್ವತ್ಥದ ಕಡೆ. ಅಲ್ಲೊಂದು ಸಣ್ಣ ಘಟಕದಲ್ಲಿ ಬೀಜ ಕೊಟ್ಟರೆ ಡೀಸೆಲ್ ಮಾಡಿಕೊಡುತ್ತಾರೆ. ಕ್ಯಾನಿನಲ್ಲಿ ತಂದು, ಬಂಕಿನ ಡೀಸೆಲ್ ಜೊತೆ ಅರ್ಧಕ್ಕರ್ಧ ಬೆರೆಸಿ ಟ್ಯಾಂಕಿಗೆ ಸುರಿದೆ. ಟಿಲ್ಲರ್ ಬೇಸಿಗೆಯೆಲ್ಲ ಚೆನ್ನಾಗಿ ಓಡಿತು. ಹೊಗೆಯಲ್ಲಿ ಕರಿದ ಎಣ್ಣೆ ವಾಸನೆ ಬರುತ್ತಿದ್ದುದರಿಂದ ಅಕ್ಕಪಕ್ಕದ ಹೊಲದವರು ಬೋಂಡ ಎಲ್ಲಿ ಎಂದು ಕೇಳುತ್ತಿದ್ದರು. ಕೇಳಲಿ ಬಿಡಿ ಅಂದುಕೊಂಡೆ.

ನಮ್ಮದು ರೇಷ್ಮೆ ಮನೆ. ಗಂಡ ಚಿಕ್ಕಬಳ್ಳಾಪುರದಲ್ಲಿ ಕಚೇರಿ ಕೆಲಸಕ್ಕೆ ಹೋಗುತ್ತಾರೆ, ತೋಟ ಮತ್ತು ಟಿಲ್ಲರ್ ನನ್ನವು, ಹುಳು ಮನೆ ಅತ್ತೆಯದು. ಅಲ್ಲಿ ಅವರು ಹೇಳಿದ್ದೇ ಕಾನೂನು. ಹುಳುವಿಗೆ ವಾಸನೆ ಆಗದು. ಊದುಬತ್ತಿ ಹಚ್ಚುವಂತಿಲ್ಲ, ಪೌಡರ್ ಬಳಿದುಕೊಂಡು ಒಳಗೆ ಹೋಗುವಂತಿಲ್ಲ. ಹೊಗೆಸೊಪ್ಪಿಲ್ಲದೆ ಒಂದು ಗಳಿಗೆ ಇರದ ಅತ್ತೆ, ಹುಳುವಿನ ಬೆಳೆ ಇರುವಷ್ಟು ದಿನ ಅದನ್ನು ಮುಟ್ಟುವುದೇ ಇಲ್ಲ.

ಮೊದಲ ಚಳಿಗಾಲ ಬಂತು. ಧನುರ್ಮಾಸದ ದಿನಗಳು, ನಾಲ್ಕನೇ ಜ್ವರದಿಂದ ಎದ್ದ ಹುಳು. ರೇಷ್ಮೆಯವರು ಹುಳು ಪೊರೆ ಬಿಡುವುದನ್ನು ಜ್ವರ ಅನ್ನುತ್ತಾರೆ. ನಾಲ್ಕನೆಯದು ಮುಗಿದ ಮೇಲೆ ಹುಳುವಿನ ಹೊಟ್ಟೆಗೆ ತಳವೇ ಇರುವುದಿಲ್ಲ. ಬಿಸಿಲೇರುವ ಮುಂಚೆ ಹಿಪ್ಪುನೇರಳೆ ಸೊಪ್ಪು ಕೊಯ್ದು ದೂರದ ತೋಟದಿಂದ ಟಿಲ್ಲರಿನ ಟ್ರೈಲರಿನಲ್ಲಿ ತರಬೇಕು. ಹೊತ್ತಿಗೆ ಸರಿಯಾಗಿ ಸೊಪ್ಪು ಬೀಳದಿದ್ದರೆ ಗೂಡು ಸಣ್ಣದಾಗುತ್ತದೆ. ಆ ಬೆಳಿಗ್ಗೆ ಹ್ಯಾಂಡಲ್ ತಿರುಗಿಸಿ ತಿರುಗಿಸಿ ತೋಳು ಬಿದ್ದುಹೋಯಿತು. ಟಿಲ್ಲರ್ ಎರಡು ಸಲ ಕೆಮ್ಮಿ ಸುಮ್ಮನಾಯಿತು. ಫಿಲ್ಟರ್ ಬಿಚ್ಚಿದರೆ, ಒಳಗಿನ ಡೀಸೆಲ್ ಚಳಿಗೆ ಕಟ್ಟಿದ ಕೊಬ್ಬರಿ ಎಣ್ಣೆಯ ಹಾಗೆ ಬೆಳ್ಳಗೆ ಹೆಪ್ಪುಗಟ್ಟಿತ್ತು.

ಪಕ್ಕದ ಹೊಲದವನು ಬಂದು, ಲಾರಿಯವರು ಹಾಗೇ ಮಾಡುತ್ತಾರೆಂದು, ಬಟ್ಟೆಗೆ ಬೆಂಕಿ ಹಚ್ಚಿ ಟ್ಯಾಂಕಿನ ಕೆಳಗೆ ಹಿಡಿಯೋಣ ಎಂದ. ಅವನ ಕೈಯಿಂದ ಬಟ್ಟೆ ಕಿತ್ತುಕೊಂಡು ಬೈದು ಕಳಿಸಿದೆ. ಬಚ್ಚಲು ಮನೆಯ ಹಂಡೆಯಿಂದ ಬಿಸಿನೀರು ತಂದು, ಟವಲ್ ಅದ್ದಿ ಅದ್ದಿ ಫಿಲ್ಟರಿಗೂ ಪೈಪಿಗೂ ಸುತ್ತಿದೆ, ಟ್ಯಾಂಕಿನ ಮೇಲೂ ಹೊದಿಸಿದೆ. ಸ್ವಲ್ಪ ಹೊತ್ತಿಗೆ ಬಿಳುಪು ಕರಗಿ ಎಣ್ಣೆ ತಿಳಿಯಾಯಿತು. ಹೊಸ ಫಿಲ್ಟರ್ ಹಾಕಿ ತಿರುಗಿಸಿದೆ, ಹತ್ತಿಕೊಂಡಿತು. ಸೊಪ್ಪು ತಡವಾಯಿತು, ಆದರೆ ಬಂತು. ಅವತ್ತು ಎದುರಿಗೆ ಸಿಕ್ಕವರಿಗೆಲ್ಲ ಈ ಕಥೆ ಹೇಳಿದ್ದೇ ಹೇಳಿದ್ದು.

ಆ ಜಂಬದಲ್ಲೇ ಎಡವಿದೆ. ಎಣ್ಣೆ ಬೆಚ್ಚಗಿದ್ದರೆ ಕಟ್ಟುವುದಿಲ್ಲ, ನಮ್ಮ ಮನೆಯಲ್ಲಿ ಎಲ್ಲಕ್ಕಿಂತ ಬೆಚ್ಚಗಿರುವ ಜಾಗ ಹುಳು ಮನೆ, ಹೀಟರ್ ಸದಾ ಉರಿಯುತ್ತಿರುತ್ತದೆ. ಸಂಜೆ ಅತ್ತೆ ಸೊಪ್ಪು ಹಾಕಿ ಹೊರಬಂದ ಮೇಲೆ, ಟ್ಯಾಂಕಿನಲ್ಲಿದ್ದ ಎಣ್ಣೆಯನ್ನು ಕ್ಯಾನಿಗೆ ಬಗ್ಗಿಸಿ, ಮುಚ್ಚಳ ಬಿಗಿದು, ಒಳಗೆ ಮೂಲೆಯಲ್ಲಿ ಹುಳು ಸಾಕುವ ಸ್ಟ್ಯಾಂಡಿನ ಕೆಳಗಿಟ್ಟೆ. ಬೆಳಿಗ್ಗೆ ಅತ್ತೆ ಏಳುವ ಮುಂಚೆ ಬೇಕಾದಷ್ಟು ಬಗ್ಗಿಸಿಕೊಂಡು ಹೋದೆ. ಟಿಲ್ಲರ್ ಒಂದೇ ತಿರುವಿಗೆ ಹತ್ತಿತು.

ಸೊಪ್ಪು ಹೇರಿಕೊಂಡು ಹಿಗ್ಗಿನಿಂದ ಬಂದರೆ ಅತ್ತೆ ಹುಳು ಮನೆ ಬಾಗಿಲಲ್ಲಿ ನಿಂತಿದ್ದರು. ಅವರ ಕೈಯಲ್ಲಿ ನನ್ನ ಕ್ಯಾನು. ಅತ್ತೆಗೆ ಸಿಟ್ಟು ಬಂದರೆ ತೆಲುಗು ಬರುತ್ತದೆ. ಆವತ್ತು ತೆಲುಗಿಗೂ ಕಾಯದೆ ಕ್ಯಾನನ್ನು ಅಂಗಳದಾಚೆಗೆ ಒಯ್ದು ಇಟ್ಟರು. ಒಳಗೆ ಹೋಗಿ ನೋಡಿದೆ. ಮೂಲೆಯ ಎರಡು ಸ್ಟ್ಯಾಂಡಿನ ಹುಳುಗಳು ತಲೆ ಎತ್ತಿಕೊಂಡು ನಿಂತಿದ್ದವು, ಸೊಪ್ಪು ಮುಟ್ಟಿರಲಿಲ್ಲ. ಟೊಮೆಟೊ ಗಿಡಕ್ಕೆ ಹುಳು ಬಿದ್ದಾಗ ಹೊಂಗೆ ಎಣ್ಣೆ ಹೊಡೆದವಳು ನಾನೇ. ಅದೇ ಎಣ್ಣೆಯ ಡೀಸೆಲ್ಲನ್ನು ರೇಷ್ಮೆ ಹುಳುವಿನ ಬುಡಕ್ಕೆ ಇಟ್ಟಿದ್ದೆ. ನನ್ನ ಬುದ್ಧಿಗೆ ಎಂಥ ಮಂಕು ಕವಿದಿತ್ತೋ. ವಾಸನೆ ಉಳಿದ ಸ್ಟ್ಯಾಂಡುಗಳಿಗೂ ಹಬ್ಬಿದ್ದರೆ ಇಡೀ ಬೆಳೆಯನ್ನು ತಿಪ್ಪೆಗೆ ಎಸೆಯಬೇಕಾಗುತ್ತಿತ್ತು.

ಅತ್ತೆ ಕಿಟಕಿಗಳನ್ನೆಲ್ಲ ತೆಗೆಸಿದರು, ಹಳೆ ಸೊಪ್ಪು ತೆಗೆಸಿ ಎಳೆಯ ಸೊಪ್ಪು ಹಾಕಿದರು. ಆಮೇಲೆ ಅಲ್ಲೇ ನೆಲಕ್ಕೆ ಕೂತರು. ಊಟಕ್ಕೆ ಕರೆದರೂ ಏಳಲಿಲ್ಲ. ನನಗೆ ನಾಚಿಕೆಯಾಗಿ ಕೊಟ್ಟಿಗೆಯ ಹಿಂದೆ ಹೋಗಿ ಅತ್ತೆ ನೋಡದ ಹಾಗೆ ಕಣ್ಣೀರು ಹಾಕಿದೆ. ಮಧ್ಯಾಹ್ನ ಇಳಿದ ಮೇಲೆ ಒಂದೊಂದೇ ಹುಳು ತಲೆ ಬಗ್ಗಿಸಿತು. ಕತ್ತಲಾಗುವ ಮುಂಚೆ ಸೊಪ್ಪು ಕಡಿಯುವ ಸದ್ದು ಮತ್ತೆ ಶುರುವಾಯಿತು. ಒಂದು ಮಂಕರಿ ಬುಟ್ಟಿಯಷ್ಟು ಹುಳು ಹೋಯಿತು, ಉಳಿದದ್ದು ಉಳಿಯಿತು.

ಇನ್ನು ಹೊಂಗೆ ಡೀಸೆಲ್ ತರುವುದಿಲ್ಲ ಎಂದು ನಾನು ಹೇಳಿದೆ. ಅತ್ತೆ ಸೀರೆ ಕೊಡವಿಕೊಂಡು ಎದ್ದರು.

“ಎಣ್ಣೆ ಯಾಕಮ್ಮ ಬಿಡ್ತೀಯ? ಇಡೋ ಜಾಗ ಬೇರೆ ನೋಡಣ, ಬಾ.”

ನನ್ನನ್ನು ಬಚ್ಚಲು ಮನೆಯ ಹಿಂದಕ್ಕೆ ಕರೆದುಕೊಂಡು ಹೋಗಿ ಗೋಡೆಯ ಮೇಲೆ ನನ್ನ ಕೈ ಇಡಿಸಿದರು. ಒಳಗೆ ಹಂಡೆ ಕಾಯುವುದರಿಂದ ಆ ಗೋಡೆ ಬೆಳಗಿನವರೆಗೂ ಬೆಚ್ಚಗಿರುತ್ತದೆ, ಈಚೆ ಬೆಂಕಿಯ ಕಿಡಿಯೂ ಬೀಳುವುದಿಲ್ಲ. ಆ ಮನೆಯಲ್ಲಿ ಅಷ್ಟು ವರ್ಷ ಸ್ನಾನ ಮಾಡಿದ್ದರೂ ನನಗೆ ಹೊಳೆದಿರಲಿಲ್ಲ. ಇವತ್ತಿಗೂ ಕ್ಯಾನು ಇರುವುದು ಅಲ್ಲೇ, ಗೋಣಿಚೀಲ ಹೊದ್ದುಕೊಂಡು. ಧನುರ್ಮಾಸಕ್ಕೆ ಮುಂಚೆ ಫಿಲ್ಟರ್ ಬದಲಾಯಿಸುತ್ತೇನೆ, ಹೊಂಗೆಯ ಪಾಲನ್ನು ಕಾಲು ಭಾಗಕ್ಕೆ ಇಳಿಸುತ್ತೇನೆ, ಬೆರೆಸುವುದು ಮಟಮಟ ಮಧ್ಯಾಹ್ನದಲ್ಲೇ. ಅಂದಿನಿಂದ ನಮ್ಮ ಟಿಲ್ಲರ್ ಚಳಿಗೆ ಒಂದು ದಿನವೂ ನಿಂತಿಲ್ಲ. ಗೌರಿಬಿದನೂರಿನ ಕಡೆಯವರೂ ಫೋನ್ ಮಾಡಿ ಕೇಳುತ್ತಾರೆ. ಕೇಳಿದಾಗಲೆಲ್ಲ ಉದ್ದಕ್ಕೆ ಹೇಳುತ್ತೇನೆ.

ಆ ಬೆಳೆಯ ಗೂಡು ಬಿಡಿಸುವ ದಿನ ಪಕ್ಕದ ಹೊಲದವನು ಜಗಲಿಗೆ ಬಂದು ಕೂತ. ರಾಶಿ ಚೆನ್ನಾಗಿತ್ತು, ಆದರೆ ಪಕ್ಕಕ್ಕೆ ಹಾಕಿದ್ದ ಎರಡು ಸ್ಟ್ಯಾಂಡಿನ ಗೂಡುಗಳು ಸಣ್ಣಗೆ, ತೆಳ್ಳಗೆ ಇದ್ದವು. ಒಂದನ್ನು ಬೆರಳಲ್ಲಿ ಅಮುಕಿ, ಇವು ಯಾಕೆ ಹೀಗಾಗಿವೆ ದೊಡ್ಡಮ್ಮ ಎಂದು ಅತ್ತೆಯನ್ನು ಕೇಳಿದ. ನಾನು ತಲೆ ತಗ್ಗಿಸಿದೆ. ತಾವು ಹಾಕಿದ ಸೊಪ್ಪು ಸರಿಯಿರಲಿಲ್ಲ ಎಂದು ಅತ್ತೆ ಯಾರ ಮುಂದೆಯೂ ಒಪ್ಪಿಕೊಂಡವರಲ್ಲ. ಸೊಪ್ಪು ಸರಿಯಿಲ್ಲ ಅಂದಿದ್ದಕ್ಕೆ ಸ್ವಂತ ತಂಗಿಯ ಜೊತೆ ವರ್ಷಗಟ್ಟಲೆ ಮಾತು ಬಿಟ್ಟವರು.

“ಸೊಪ್ಪು ಬಲಿತೋಗಿತ್ತಪ್ಪ. ನಾನೇ ನೋಡ್ಕೊಳ್ಳಿಲ್ಲ,” ಅಂದರು, ಗೂಡು ಬಿಡಿಸುವ ಕೈ ನಿಲ್ಲಿಸದೆ. ಆಮೇಲೆ ಅವನ ಕಡೆ ತಿರುಗಿ, “ನಿನ್ ಟಿಲ್ಲರ್ ಚಳೀಗೆ ನಿಂತ್ರೆ ಬೆಂಕಿಗಿಂಕಿ ಹಚ್ಚೋಕೆ ಹೋಗ್ಬೇಡ. ನಮ್ಮ ಸೊಸೇನ ಕೇಳು,” ಅಂದರು.