ಕಾಫಿ ಕಣದಲ್ಲಿ ಬಲಪಾದದ ಗೆರೆ

ಅಮ್ಮನಿಗೆ ಪಾರ್ಶ್ವವಾಯು ಬಡಿದ ವಾರವೇ, ಕಳಸದ ರಸ್ತೆಯಲ್ಲಿ ಜೀಪ್ ರಿಪೇರಿ ಮಾಡುವ ನೆರೆಯ ಸಾಬರಿಗೂ ಅದೇ ಕಾಯಿಲೆ ಬಂತು. ಊರಿನ ಬಾಯಲ್ಲಿ ಎರಡೂ ಒಂದೇ ಲಕ್ವ. ವೈದ್ಯೆ ಮಾತ್ರ ಬಿಡಿಸಿ ಹೇಳಿದರು: ಅಮ್ಮನದು ಮೆದುಳಿನ ರಕ್ತನಾಳ ಕಟ್ಟಿಕೊಂಡದ್ದು; ಸ್ಥಿತಿ ನೆಲೆಗೊಂಡಿದೆ, ಇನ್ನು ನಡೆಸಬೇಕು. ಸಾಬರದು ರಕ್ತನಾಳ ಒಡೆದದ್ದು. ರಕ್ತದೊತ್ತಡ ಹತೋಟಿಗೆ ಬರುವ ತನಕ ತಾಳಬೇಕು, ಆಮೇಲೆ ಅವರಿಗೂ ವ್ಯಾಯಾಮವೇ ದಾರಿ. ಮತ್ತೆ ಮತ್ತೆ ಬಳಸಿದ ಕಾಲಿಗಾಗಿ ಮೆದುಳು ಹೊಸ ಹಾದಿ ಹುಡುಕಿಕೊಳ್ಳುತ್ತದೆ.

ಎರಡೂ ಮನೆಗಳು ವೈದ್ಯೆ ಹೇಳಿದ್ದಕ್ಕೆ ತದ್ವಿರುದ್ಧ ಮಾಡಿದವು. ದುಡಿಯುವ ಗಂಡಸೆಂದು ಸಾಬರನ್ನು ಬೇಗನೆ ರಿಪೇರಿ ಶೆಡ್ಡಿಗೆ ಕಳಿಸಿದರು. ನಮ್ಮಲ್ಲಿ ಅಮ್ಮನನ್ನು ಮಂಚದಿಂದ ಇಳಿಸಲಿಲ್ಲ. ಕಾಯಿಲೆಯವಳನ್ನು ನಡೆಸಿದರೆ ಮನೆಗೆ ಕೆಟ್ಟ ಹೆಸರಂತೆ. ಗಂಡಸಿನ ಸಂಪಾದನೆ, ಮನೆತನದ ಮರ್ಯಾದೆ ಚಿಕಿತ್ಸೆಯನ್ನು ನಿರ್ಧರಿಸುವುದು ಅನ್ಯಾಯ. ಪ್ರವಾಸಿಗರಿಗೆಂದು ದೇವರಮನೆ ಗುಡ್ಡದವರೆಗೆ ರಸ್ತೆ ಅಗಲವಾಗುವಾಗ, ಫಿಸಿಯೋಥೆರಪಿಗೆ ನಾವು ಘಾಟಿ ಇಳಿಯಬೇಕಾದುದೂ ಅನ್ಯಾಯವೇ.

ಸಾಬರ ಮಗಳಿಗೆ ವೈದ್ಯೆಯ ಮಾತನ್ನು ನೆನಪಿಸಿದೆ. ಅವಳು ಶೆಡ್ಡಿಗೆ ಬೀಗ ಹಾಕಿದಳು. ಅಮ್ಮನನ್ನು ನಾನು ಕಣಕ್ಕೆ ಕರೆದೊಯ್ದೆ. ಈ ಇಳಿಜಾರಿನಲ್ಲಿ ಸಮತಟ್ಟಾದ ನೆಲವೆಂದರೆ ಕಾಫಿ ಒಣಗಿಸುವ ಆ ಅಂಗಳವೊಂದೇ. ಹರಡಿದ ಕಾಫಿಯನ್ನು ಮಗುಚಲು ನಮ್ಮಲ್ಲಿ ಪಾದ ಎಳೆಯುತ್ತ ನಡೆಯುತ್ತಾರೆ. ಅದು ಮೊದಲಿಂದಲೂ ಅಮ್ಮನ ಕೆಲಸ. ಎಡಪಾದ ನೇರ ಗೆರೆ ಎಳೆಯಿತು. ಬಲಪಾದ ಇದ್ದಲ್ಲೇ ಉಳಿಯಿತು.

ಜಗಲಿಯಿಂದ ದೊಡ್ಡಮ್ಮ ಕೂಗಿದರು: "ಹುಷಾರಿಲ್ಲದವಳ ಹತ್ರ ಕೆಲ್ಸ ಮಾಡಿಸ್ತೀಯೇನೆ? ನೋಡಿದವ್ರು ಏನಂತಾರೆ?"

"ಇದು ಕೆಲ್ಸ ಅಲ್ಲ ದೊಡ್ಡಮ್ಮ, ಔಷಧಿ. ಮಲಗ್ಸೇ ಇಟ್ರೆ ಕಾಲು..."

ಅಮ್ಮ ತೊದಲಿದಳು: "ನಿನ್ನ ಭಾಷಣ... ಆಮೇಲೆ. ಮೊದ್ಲು ಗಟ್ಟಿ ಹಿಡ್ಕೋ, ಮಾರಾಯ್ತಿ."

ದಿನವೂ ಹಿಡಿದೆ. ಬಲಗಡೆ ಮೊದಲು ಚುಕ್ಕೆಗಳು, ಬಳಿಕ ತುಂಡು ಗೆರೆಗಳು ಮೂಡಿದವು. ಕೊಯ್ಲು ಮುಗಿಯುವ ಹೊತ್ತಿಗೆ ಸಾಬರಿಗೂ ನಡೆಯಲು ಅನುಮತಿ ಸಿಕ್ಕಿತು. ಮಗಳ ಭುಜ ಹಿಡಿದು ಕಣಕ್ಕೆ ಬಂದವರು ಅಮ್ಮನ ಗೆರೆ ನೋಡಿ ನಕ್ಕರು: "ಏನಕ್ಕಾ, ಘಾಟಿ ರಸ್ತೆ ಮಾಡಿದ್ದೀರಿ! ವೀಲ್ ಅಲೈನ್‌ಮೆಂಟ್ ಹೋಗಿದೆ."

"ನಿಮ್ದೂ ಒಂದು ಎಳೀರಿ ಸಾಬ್ರೇ, ನೋಡಣ," ಎಂದ ಅಮ್ಮ ನನ್ನ ಕೈ ಬಿಟ್ಟಳು. ಕಣದ ತುದಿಯವರೆಗೆ ಒಬ್ಬಳೇ ನಡೆದಳು. ಬಲಪಾದದ ಗೆರೆ ಸೊಟ್ಟಗಿತ್ತು; ಎಲ್ಲಿಯೂ ತುಂಡಾಗಿರಲಿಲ್ಲ.

ಇಬ್ಬನಿ ಬೀಳುವ ಮುನ್ನ ಕಾಫಿಯನ್ನು ಗುಡ್ಡೆ ಮಾಡಿ ಮುಚ್ಚಬೇಕು. ಆ ಸಂಜೆ ದೊಡ್ಡಮ್ಮ ಆ ಗೆರೆಯನ್ನು ತುದಿಯವರೆಗೆ ನೋಡಿದರು. ಆಮೇಲೆ ಅದನ್ನು ಕೊನೆಗೆ ಬಿಟ್ಟು, ಕಣದ ಇನ್ನೊಂದು ಮೂಲೆಯಿಂದ ಕಾಫಿ ಒಟ್ಟತೊಡಗಿದರು.