ಬೆಂಕಿಪೊಟ್ಟಣದೊಳಗಿನ ಹಸಿರು

ನಾನು ಚಿಕ್ಕವನಿದ್ದಾಗ ದೇಶದ ರಾಜಧಾನಿಯ ಪೀತಮ್‌ಪುರದಲ್ಲಿ ಮೆಟ್ರೊ ಇನ್ನೂ ಬರೀ ಕಂಬಗಳಾಗಿ ನಿಂತಿತ್ತು. ನಮ್ಮ ಮನೆಯ ಹಿಂದಿನ ಪಾರ್ಕಿನ ಮೂಲೆಯಲ್ಲಿ ಒಂದು ಬೋರೆಗಿಡವಿತ್ತು. ಕಂಬದ ಕೆಲಸದ ಧೂಳು ಕೂತು ಅದರ ಎಲೆಗಳೆಲ್ಲ ಬೂದಿಬಣ್ಣಕ್ಕೆ ತಿರುಗಿದ್ದವು. ಮಳೆಗಾಲ ಮುಗಿಯುತ್ತಿದ್ದ ಒಂದು ಭಾನುವಾರ, ಮುಳ್ಳಿನಲ್ಲಿ ಸಿಕ್ಕಿದ ಚೆಂಡು ಬಿಡಿಸಲು ಹೋಗಿ ಒಂದು ಎಲೆ ಮಗುಚಿದೆ.

ಎಲೆಯಡಿ ಇಡೀ ಸಂಸಾರವೇ ಇತ್ತು! ಹೆಬ್ಬೆರಳ ಉಗುರಿನಷ್ಟು ದೊಡ್ಡ ಹುಳಗಳು ಕೆಲವು, ಅವಕ್ಕೆ ಒತ್ತಿಕೊಂಡು ಗುಂಡಗಿನ ಮರಿಗಳು. ದೊಡ್ಡವುಗಳ ಬೆನ್ನು ಹಸಿರಾಗಿ ಥಳಥಳ ಹೊಳೆಯುತ್ತಿತ್ತು. ಜೀರುಂಡೆಯ ಬೆನ್ನಿನ ನಡುವೆ ಸೀಳಿರುತ್ತದಲ್ಲ, ಇವಕ್ಕೆ ಅದಿರಲಿಲ್ಲ. ಗುರಾಣಿಯ ಹಾಗೆ ಒಂದೇ ಚಿಪ್ಪು. ಅದಕ್ಕೇ ಇವನ್ನು ಗುರಾಣಿ ತಿಗಣೆ ಎನ್ನುತ್ತಾರೆಂದು ಕಾಲೇಜಿನಲ್ಲಿ ಓದಿದೆ. ಆ ದಿನ ನಿಜಕ್ಕೂ ಚಿಪ್ಪನ್ನು ಗಮನಿಸಿದ್ದೆನೋ, ಓದಿದ್ದನ್ನು ಆಮೇಲೆ ನೆನಪಿಗೆ ಅಂಟಿಸಿಕೊಂಡೆನೋ, ಹೇಳಲಾರೆ.

ಬೆರಳು ತಾಗಿದ್ದೇ ತಡ, ಕೊಳೆತ ಕೊತ್ತಂಬರಿಯಂಥ ಘಾಟು! ದೊಡ್ಡವೆಲ್ಲ ಹಾರಿಹೋದವು. ಗಿಡದ ಬುಡದಲ್ಲಿ ಸತ್ತುಬಿದ್ದಿದ್ದ ಒಂದನ್ನು ಮುಷ್ಟಿಯಲ್ಲಿಟ್ಟುಕೊಂಡು ಮನೆಗೆ ಓಡಿದೆ. ಪಚ್ಚೆಕಲ್ಲಿನಂಥ ಹುಳ ನೋಡಿದೆ ಎಂದು ಅಕ್ಕನಿಗೆ ಹೇಳಿ ಮುಷ್ಟಿ ಬಿಚ್ಚಿದರೆ, ಅದು ಕರಿನೀಲಿ.

"ಇದೇನಾ ನಿನ್ನ ಪಚ್ಚೆ? ಏ ಗಪ್ಪಿ!" ಎಂದು ಅಕ್ಕ ನಕ್ಕಳು. ಸುಳ್ಳು ಬಡಾಯಿಯವರನ್ನು ನಮ್ಮ ಬೀದಿಯಲ್ಲಿ ಹಾಗೆ ಕರೆಯುತ್ತಿದ್ದೆವು. ಆ ಹೆಸರು ಒಮ್ಮೆ ಅಂಟಿದರೆ ಬೇಗ ಬಿಡುತ್ತಿರಲಿಲ್ಲ. ನನಗೆ ಅಳು ಬಂತು. ಹುಳವನ್ನು ಕಿಟಕಿಯ ಕಟ್ಟೆಯ ಮೇಲೆ ಎಸೆದುಬಿಟ್ಟೆ.

ಅಪ್ಪ ಪೈಪ್ ಹಿಡಿದು ಅದೇ ಕಿಟಕಿಯ ಏರ್‌ಕೂಲರಿಗೆ ನೀರು ತುಂಬುತ್ತಿದ್ದರು. ನೀರು ಚೆಲ್ಲಿ ಕಟ್ಟೆಯೆಲ್ಲ ಒದ್ದೆಯಾಯಿತು.

"ಇಲ್ಲಿ ನೋಡ್ರೋ," ಎಂದರು ಅಪ್ಪ.

ಹುಳ ನಿಧಾನವಾಗಿ ಹಸಿರಾಗುತ್ತಿತ್ತು. ಒಣಗಿದಂತೆ ಮತ್ತೆ ನೀಲಿಯಾಯಿತು. ಅಕ್ಕ ಬೆರಳದ್ದಿ ತಾನೇ ಇನ್ನೊಂದು ಹನಿ ಬಿಟ್ಟಳು. ಮತ್ತೆ ಹಸಿರು! ತಪ್ಪಾಯ್ತು ಅನ್ನಲಿಲ್ಲ. "ಅಚ್ಛಾ, ಇವು ಎಲ್ಲಿರೋದು? ಚಲೋ, ತೋರ್ಸು," ಎಂದು ಚಪ್ಪಲಿ ಮೆಟ್ಟಿದಳು. ಕತ್ತಲಾಗುವವರೆಗೂ ನಾವಿಬ್ಬರೂ ಬೋರೆಯ ಎಲೆಗಳನ್ನು ಮಗುಚಿದೆವು.

ಈಗ ಕೇಳಿದರೆ ಅಕ್ಕ, "ಅದು ಮೊದಲಿಂದ್ಲೂ ನೀಲಿನೇ ಕಣೋ," ಎನ್ನುತ್ತಾಳೆ. ಅಪ್ಪನನ್ನು ಕೇಳೋಣವೆಂದರೆ ಅವರಿಲ್ಲ. ರಜೆಗೆಲ್ಲ ನನ್ನ ಮನೆಗೆ ಬರುವ ಮಕ್ಕಳೇ, ನೀವು ಕಂಡ ಹುಳಗಳೆಲ್ಲ ಬಣ್ಣ ಸಮೇತ ನಿಮ್ಮ ಫೋನಿನಲ್ಲಿವೆ; ಯಾರೂ ನಿಮ್ಮನ್ನು ಗಪ್ಪಿ ಅನ್ನುವಂತಿಲ್ಲ. ನನ್ನ ಹತ್ತಿರ ಇರುವುದು ಒಂದು ಬೆಂಕಿಪೊಟ್ಟಣ, ಅದರೊಳಗೆ ಆ ದಿನ ಕಟ್ಟೆಯಿಂದ ಎತ್ತಿಟ್ಟ ಅದೇ ಕರಿನೀಲಿ ಹುಳ. ಇಷ್ಟು ವರ್ಷ ಅದಕ್ಕೆ ಹನಿ ನೀರು ಹಾಕಲು ನನಗೆ ಧೈರ್ಯ ಬಂದಿಲ್ಲ. ಬಣ್ಣ ಬದಲಾಗದಿದ್ದರೆ?

ಈ ರಜೆಗೆ ಬಂದಾಗ ಆ ಹನಿಯನ್ನು ನೀವೇ ಹಾಕಿ. ಅಕ್ಕನನ್ನೂ ಕರೆಸಿದ್ದೇನೆ.