ತಗಡಿನ ಹಿಂದಿನ ಹೋಟೆಲು

ಘೋಡಬಂದರ್ ರಸ್ತೆಯಲ್ಲಿ ಗುಣಪಾಲರ ಹೋಟೆಲು ಇನ್ನೂ ನಡೆಯುತ್ತಿದೆ ಎಂಬುದು ಹಳೆಯ ಗಿರಾಕಿಗಳಿಗಷ್ಟೇ ಗೊತ್ತು. ಮೆಟ್ರೊ ಕಂಬಗಳ ಕೆಲಸಕ್ಕೆಂದು ನಿಲ್ಲಿಸಿದ ತಗಡಿನ ಬೇಲಿ ಬಾಗಿಲಿಗೆ ಅಡ್ಡ ಬಂದು ಎರಡು ಮಳೆಗಾಲ ಕಳೆದಿವೆ. ಒಳಗೆ ಬರುವವರು ಗಟಾರದ ಮೇಲಿನ ಹಲಗೆ ದಾಟಿ, ಹಿಂಬದಿಯ ಅಡುಗೆಮನೆಯಿಂದ ಬರಬೇಕು. ಬರುವವರು ಕಡಿಮೆ. ಬೆಳಿಗ್ಗೆ ಕರಿದ ಬನ್ಸ್ ಸಂಜೆಯವರೆಗೂ ಗಾಜಿನ ಕಪಾಟಿನಲ್ಲೇ ಕೂತಿರುತ್ತದೆ.

ಎಳೆಯ ವಯಸ್ಸಿನಲ್ಲಿ ಕಾರ್ಕಳದಿಂದ ಈ ಮರಾಠಿ ಊರಿಗೆ ಬಂದು, ನೌಪಾಡಾದ ಹೋಟೆಲಿನಲ್ಲಿ ಲೋಟ ತೊಳೆದು, ಮೇಜು ಒರೆಸಿ, ಕೊನೆಗೆ ಸ್ವಂತ ಗಲ್ಲಾದಲ್ಲಿ ಕೂತ ಗುಣಪಾಲರು ಒಂದು ಪಾಠವನ್ನು ಬಿಟ್ಟವರಲ್ಲ: ತಿನ್ನುತ್ತಿರುವವರ ಮುಂದೆ ನಮ್ಮ ಕಷ್ಟ ಹೇಳಬಾರದು, ತುತ್ತು ಗಂಟಲಲ್ಲಿ ನಿಲ್ಲುತ್ತದೆ. ಅದೇ ಅವರಿಗೆ ಮುಳುವಾಯಿತು. ಬೇಲಿ ಹಾಕುವ ಮೊದಲು ಆಕ್ಷೇಪ ಕೇಳಲು ಬಂದ ಅಧಿಕಾರಿಗಳಿಗೆ ತಟ್ಟೆ ಇಟ್ಟರು. ಕೈತೊಳೆದ ಮೇಲೆ ಹೇಳೋಣವೆಂದು ಕಾದರು. ಕೈತೊಳೆಯುವಾಗ ಫೋನು ಬಂತು, ಅವರು ಹೊರಟೇ ಹೋದರು. ಈ ಅಂಗಡಿಯಿಂದ ಆಕ್ಷೇಪವಿಲ್ಲ ಎಂದು ದಾಖಲಾಯಿತು.

ಒಂದು ಮಂಗಳವಾರ ಮತ್ತೆ ಇಬ್ಬರು ಬಂದರು: ಪಾಲಿಕೆಯ ಎಂಜಿನಿಯರ್ ಬಸವಕುಮಾರ್, ಜೊತೆಗೆ ಮೆಟ್ರೊದ ಸಾಹೇಬರೊಬ್ಬರು. ಗುಣಪಾಲರ ಕೈ ತಾನಾಗಿ ತಟ್ಟೆಗಳತ್ತ ಹೋಯಿತು. ಹೆಂಡತಿ ಜಯಲತಾ ಅವನ್ನು ಕಸಿದುಕೊಂಡು ಅಡುಗೆಮನೆಯ ಬಾಗಿಲಲ್ಲಿ ನಿಂತರು.

“ನೀವು ಸುಮ್ಮನೆ ಕೂತುಕೊಳ್ಳಿ ಮಾರಾಯ್ರೆ. ಇವತ್ತು ಮೊದಲು ಬಾಗಿಲು, ಆಮೇಲೆ ಬನ್ಸ್.”

ಬಸವಕುಮಾರ್ ನಕ್ಕರು. “ಅಕ್ಕಾರ, ರಸ್ತೆ ಪಾಲಿಕೀದ ಐತ್ರಿ. ಆದ್ರ ಕೆಲಸಕ್ಕ ಅಂತ ಬಿಟ್ಟುಕೊಟ್ಟಮ್ಯಾಲ ಒಂದು ತಗಡು ಸರಸಾಕೂ ಇವರನ್ನ ಕೇಳಬೇಕ್ರಿ.”

ಎಲ್ಲರೂ ತಮ್ಮತ್ತ ತಿರುಗಿದ್ದು ಕಂಡು ಮೆಟ್ರೊ ಸಾಹೇಬರು ಹಿಂದಿಯಲ್ಲಿ ಕೈಚೆಲ್ಲಿದರು. ಬೇಲಿಯಲ್ಲಿ ದಾರಿ ಬಿಡಬೇಕಾದರೆ ಪಾಲಿಕೆಯೇ ಪರ್ಮಿಶನ್ ಕೊಡಬೇಕಂತೆ.

“ಅಂದ್ರೆ ನೀವು ಇವರನ್ನು ಕೇಳ್ಬೇಕು, ಇವರು ನಿಮ್ಮನ್ನು ಕೇಳ್ಬೇಕು. ಇಬ್ಬರೂ ಒಂದೇ ಮೇಜಿನಲ್ಲಿ ಇದ್ದೀರಲ್ಲ? ಕೇಳಿ, ಈಗಲೇ,” ಎಂದರು ಜಯಲತಾ.

ಹೊರಗೆ ಯಂತ್ರ ಗುಡುಗುತ್ತಿತ್ತು. ಜಯಲತಾ ತಟ್ಟೆ ಹಿಡಿದು ನಿಂತೇ ಇದ್ದರು. ಕೊನೆಗೆ ಬಸವಕುಮಾರ್ ಕಾಗದ ತೆಗೆದು ಒಪ್ಪಿಗೆ ಬರೆದರು, ಇಬ್ಬರೂ ಸಹಿ ಹಾಕಿದರು. ಆಕೆ ತಟ್ಟೆಗೆ ಬನ್ಸ್ ಹಾಕಿ ತರುವಷ್ಟರಲ್ಲಿ ಅಧಿಕಾರಿಗಳಿಬ್ಬರೂ ಮುಖ ಬಿಗಿದುಕೊಂಡು ಎದ್ದು ಹೋಗಿದ್ದರು.

ಶುಕ್ರವಾರ ಒಂದು ತಗಡು ಸರಿಯಿತು. ಒಬ್ಬರು ಮೈ ಓರೆ ಮಾಡಿ ನುಸುಳುವಷ್ಟು ಸಂದು. ಅದರಿಂದ ಧೂಳು ಬಂತು, ಬೆಳಕು ಬಂತು, ಛತ್ರಿ ಮಡಚುತ್ತಾ ಒಬ್ಬ ಗಿರಾಕಿಯೂ ಬಂದ. ಗುಣಪಾಲರು ಗಲ್ಲಾದಲ್ಲಿ ಕೆನ್ನೆಗೆ ಕೈಕೊಟ್ಟು ಕೂತಿದ್ದರು.

“ಬಾಗಿಲು ಸಿಕ್ಕಿತಲ್ಲ, ಇನ್ನೆಂತ ನಿಮಗೆ?” ಎಂದರು ಜಯಲತಾ.

“ಎಂತ ಇಲ್ಲ. ಅವರು ತಿನ್ನದೆ ಹೋದರಲ್ಲ, ಅದೇ.”